ರಾತ್ರಿ ಹಚ್ಚಿ ಮಲಗಿದರೆ ಮುಖಕ್ಕೆ ಏನಾಗುತ್ತದೆ?

(ಸಾರ್ವಜನಿಕ ಉಪನ್ಯಾಸವೊಂದರ ಬರಹ ರೂಪ. ಮಾತಿನ ಓಘದಲ್ಲಿ ಬಂದ ಪುನರುಕ್ತಿಗಳನ್ನು ತೆಗೆದಿದ್ದೇನೆ. ಸಭಿಕರ ಪ್ರಶ್ನೆಗಳಲ್ಲಿ ಕೆಲವನ್ನು ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಮುಖಕ್ಕೆ ಹಚ್ಚಿ ರಾತ್ರಿಯಿಡೀ ಬಿಡುವ ಲೇಪ, ಅಂದರೆ ರಾತ್ರಿಯ ಮಾಸ್ಕ್, ಇವತ್ತಿನ ವಿಷಯ ಎಂದು ಘೋಷಿಸಿದಾಗ ಮುಂದಿನ ಸಾಲಿನಲ್ಲಿ ಸಣ್ಣ ನಗು ಹರಿದದ್ದನ್ನು ನೋಡಿದೆ. ನಗುವುದರಲ್ಲಿ ತಪ್ಪಿಲ್ಲ. ನಾವು ಗೊರಕೆ ಹೊಡೆಯುತ್ತಿರುವಾಗ ನಮ್ಮ ವಯಸ್ಸನ್ನು ಇಳಿಸುತ್ತೇನೆ ಎಂದು ಭರವಸೆ ಕೊಡುವ ವಸ್ತು ನಗು ತರಿಸಲೇಬೇಕು. ಆದರೆ ನಾನು ಔಷಧ ತಯಾರಿಕೆಯ ಶಾಸ್ತ್ರವನ್ನು ಕಲಿಸುವ ಕೆಲಸದಲ್ಲಿರುವುದರಿಂದ ಆ ಡಬ್ಬಿ ನನಗೆ ಸ್ವಲ್ಪ ಬೇರೆಯಾಗಿ ಕಾಣುತ್ತದೆ. ಒಂದಿಷ್ಟು ರಾಸಾಯನಿಕಗಳು, ಏಳೆಂಟು ಗಂಟೆಗಳ ಕಾಲ, ಯಾರೂ ಒರೆಸದೆ, ಬಿಸಿಲು ಗಾಳಿಗಳ ಅಡ್ಡಿಯಿಲ್ಲದೆ ಚರ್ಮದ ಮೇಲೆ ಕುಳಿತಿರುತ್ತವೆ. ಇಷ್ಟು ದೀರ್ಘ ಸಂಪರ್ಕ ಸಿಕ್ಕಾಗ ಒಳ್ಳೆಯದೂ ಆಗಬಹುದು, ಕೆಟ್ಟದ್ದೂ ಆಗಬಹುದು. ಏನೂ ಆಗದೆಯೂ ಇರಬಹುದು, ಅದೇ ಹೆಚ್ಚು.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಎದ್ದು ಹೋಗಬೇಕಾದವರು ಅಷ್ಟನ್ನಾದರೂ ಕೇಳಿಸಿಕೊಂಡು ಹೋಗಬಹುದು. ರಾತ್ರಿಯ ಮಾಸ್ಕ್ ಒಂದು ಕೆಲಸವನ್ನು ಚೆನ್ನಾಗಿ ಮಾಡುತ್ತದೆ: ಚರ್ಮದಿಂದ ನೀರು ಆವಿಯಾಗದಂತೆ ತಡೆಯುತ್ತದೆ. ಬೆಳಿಗ್ಗೆ ಕನ್ನಡಿಯಲ್ಲಿ ಕಾಣುವ ಹೊಳಪು, ತುಂಬಿಕೊಂಡ ಕೆನ್ನೆ, ಮಾಯವಾದ ಸಣ್ಣ ಗೆರೆಗಳು ಬಹುಪಾಲು ಆ ನೀರಿನ ಕೆಲಸ. ಡಬ್ಬಿಯ ಮೇಲೆ ಬರೆದಿರುವ ‘ಮುಪ್ಪು’ ಬೇರೆಯದೇ ಪದರದಲ್ಲಿ, ಬೇರೆಯದೇ ವೇಗದಲ್ಲಿ ನಡೆಯುವ ಸಂಗತಿ. ಒಂದು ರಾತ್ರಿಗೆ ಅದು ಬಗ್ಗುವುದಿಲ್ಲ.

ಇದು ಇತ್ತೀಚಿನ ಹುಚ್ಚು ಎಂದುಕೊಂಡವರಿಗೆ ಒಂದು ಹಳೆಯ ಸಾಕ್ಷ್ಯ. ಸುಮಾರು 1,900 ವರ್ಷಗಳ ಹಿಂದೆ ರೋಮಿನ ವಿಡಂಬನಕಾರ ಜುವೆನಲ್ ಮುಖಕ್ಕೆ ಹಿಟ್ಟಿನ ಲೇಪ ಮೆತ್ತಿಕೊಂಡು ಮನೆಯಲ್ಲಿ ಓಡಾಡುವ ಹೆಂಡತಿಯನ್ನು ಗೇಲಿ ಮಾಡುತ್ತಾನೆ. ಗಂಡನ ತುಟಿಗೆ ಅಂಟು, ಪ್ರಿಯಕರನ ಮುಂದೆ ಮಾತ್ರ ತೊಳೆದ ಮುಖ ಎಂಬುದು ಅವನ ದೂರು. ಇಷ್ಟೆಲ್ಲ ಬಳಿದುಕೊಂಡ ಇದನ್ನು ಮುಖ ಎನ್ನೋಣವೇ, ಹುಣ್ಣು ಎನ್ನೋಣವೇ ಎಂದೂ ಕೇಳುತ್ತಾನೆ. ಹೆಂಗಸರ ಬಗ್ಗೆ ಅವನಿಗಿದ್ದ ಅಸಹನೆಯನ್ನು ಬದಿಗಿಟ್ಟರೆ, ಲೇಪವನ್ನು ತೆಳ್ಳಗೆ ಹಚ್ಚದೆ ದಪ್ಪಗೆ ಮೆತ್ತಿ ಗಂಟೆಗಟ್ಟಲೆ ಬಿಡುವ ಪದ್ಧತಿ ಆಗಲೇ ಇತ್ತೆಂಬುದು ಗೊತ್ತಾಗುತ್ತದೆ. ಮುಂದೆ 1875ರಲ್ಲಿ ಅಮೆರಿಕದ ಓಹಾಯೊ ರಾಜ್ಯದ ಹೆಲೆನ್ ರೌಲಿ ಎಂಬಾಕೆ ಮುಖಕ್ಕೆ ತೊಡುವ ರಬ್ಬರಿನ ಮುಖವಾಡಕ್ಕೆ ಪೇಟೆಂಟ್ ಪಡೆದರು. ಮಲಗುವಾಗ ತೊಟ್ಟುಕೊಳ್ಳಬೇಕು, ವಾರಕ್ಕೆ ಮೂರು ಬಾರಿ ಎಂದು ಜಾಹೀರಾತು. ಚಿತ್ರ ನೋಡಿದರೆ ಭೂತದ ಕಥೆಗೆ ಹೊಂದುವಂತಿದೆ. ಆದರೆ ಆ ರಬ್ಬರ್ ಮಾಡುತ್ತಿದ್ದುದೇನು? ಬೆವರನ್ನೂ ಆವಿಯನ್ನೂ ಹೊರಹೋಗದಂತೆ ತಡೆಯುತ್ತಿತ್ತು. ಬೆಳಿಗ್ಗೆ ಚರ್ಮ ನೆಂದು ಮೃದುವಾಗಿರುತ್ತಿತ್ತು. ಇಂದಿನ ಡಬ್ಬಿಯೊಳಗಿನ ಜೆಲ್ ಮಾಡುವುದೂ ಅದನ್ನೇ. ಗುಣಮಟ್ಟದಲ್ಲಿ, ವಾಸನೆಯಲ್ಲಿ, ನಾಚಿಕೆಯಿಲ್ಲದೆ ತೊಡಬಹುದಾದ ಸೌಕರ್ಯದಲ್ಲಿ ಮಾತ್ರ ವ್ಯತ್ಯಾಸ.

ಈಗ ಚರ್ಮದ ಕಡೆಗೆ ಬರೋಣ. ನಾವು ಮುಟ್ಟಿ ನೋಡುವ ಮೇಲ್ಮೈಯಲ್ಲಿ ಜೀವವಿಲ್ಲ. ಅದು ಸತ್ತ ಕೋಶಗಳ ಹದಿನೈದಿಪ್ಪತ್ತು ಪದರಗಳ ಹೊದಿಕೆ. ಮುಖದ ಮೇಲೆ ಅದರ ಒಟ್ಟು ದಪ್ಪ 10ರಿಂದ 20 ಮೈಕ್ರೊಮೀಟರ್, ಅಂದರೆ ಕೂದಲೆಳೆಗಿಂತಲೂ ತೆಳು. ಇದನ್ನು ವಿವರಿಸಲು ಚರ್ಮವಿಜ್ಞಾನಿಗಳು ಇಟ್ಟಿಗೆ ಗೋಡೆಯ ಹೋಲಿಕೆಯನ್ನು ಬಳಸುತ್ತಾರೆ. ಚಪ್ಪಟೆ ಕೋಶಗಳು ಇಟ್ಟಿಗೆ, ಅವುಗಳ ನಡುವಿನ ಕೊಬ್ಬು ಗಾರೆ. ಆ ಗಾರೆಯಲ್ಲಿ ಸರಿಸುಮಾರು ಅರ್ಧದಷ್ಟು ಸೆರಮೈಡ್ ಎಂಬ ಕೊಬ್ಬುಗಳು, ಉಳಿದಂತೆ ಕೊಲೆಸ್ಟರಾಲ್ ಮತ್ತು ಕೊಬ್ಬಿನ ಆಮ್ಲಗಳು. ದೇಹದೊಳಗಿನ ನೀರು ಈ ಗೋಡೆಯ ಮೂಲಕ ಸದಾ ಸ್ವಲ್ಪಸ್ವಲ್ಪವಾಗಿ ಹೊರಗೆ ಆವಿಯಾಗುತ್ತಿರುತ್ತದೆ. ಬೆವರಿಗೂ ಇದಕ್ಕೂ ಸಂಬಂಧವಿಲ್ಲ. ಗಾರೆ ಸಡಿಲವಾದಷ್ಟೂ ಆವಿ ಹೆಚ್ಚು. ಈ ಮೇಲ್ಪದರದಲ್ಲಿನ ನೀರಿನ ಪ್ರಮಾಣ ಶೇಕಡಾ 10ಕ್ಕಿಂತ ಕೆಳಗಿಳಿದರೆ ಅದು ಬಿರುಸಾಗುತ್ತದೆ, ಬಿರಿಯುತ್ತದೆ, ಬಿಳಿಯ ಹೊಟ್ಟು ಏಳುತ್ತದೆ.

ರಾತ್ರಿಗೆ ಇಲ್ಲಿ ಒಂದು ನಿಜವಾದ ಪಾತ್ರವಿದೆ, ಅದು ಜಾಹೀರಾತಿನವರು ಕಟ್ಟಿದ ಕಥೆಯಲ್ಲ. ಚರ್ಮಕ್ಕೂ ಹಗಲು ರಾತ್ರಿಯ ಗಡಿಯಾರವಿದೆ. ಸಂಜೆಯಿಂದ ರಾತ್ರಿಯವರೆಗೆ ಚರ್ಮದ ಉಷ್ಣತೆ ಸ್ವಲ್ಪ ಏರುತ್ತದೆ, ಅದರ ಮೂಲಕ ಹೊರಹೋಗುವ ನೀರಿನ ಆವಿಯೂ ಏರುತ್ತದೆ. ತುರಿಕೆಯ ತೊಂದರೆ ಇರುವವರಿಗೆ ರಾತ್ರಿ ಹೆಚ್ಚು ಕಾಟ ಕೊಡುವುದಕ್ಕೆ ಇದೂ ಒಂದು ಕಾರಣ. ತಳದ ಪದರದಲ್ಲಿ ಹೊಸ ಕೋಶಗಳ ಹುಟ್ಟು ಚುರುಕಾಗುವುದೂ ರಾತ್ರಿಯೇ. ಅಂದರೆ ರಾತ್ರಿಯ ಹೊತ್ತು ಚರ್ಮದ ಬಾಗಿಲು ತುಸು ಸಡಿಲವಾಗಿರುತ್ತದೆ: ನೀರು ಸುಲಭವಾಗಿ ಹೊರಗೆ ಹೋಗುತ್ತದೆ, ಹೊರಗಿನದ್ದು ಸುಲಭವಾಗಿ ಒಳಗೆ ಬರುತ್ತದೆ. ಹವಾನಿಯಂತ್ರಕವೋ ಹೀಟರೋ ಓಡುತ್ತಿರುವ ಕೋಣೆಯಾದರೆ ಗಾಳಿಯೂ ಒಣಗಿರುತ್ತದೆ. ಇಂಥ ಹೊತ್ತಿನಲ್ಲಿ ಒಂದು ಹೊದಿಕೆ ಹಾಕುವುದು ತರ್ಕಬದ್ಧ. ಕೋಶಗಳ ಹುಟ್ಟು ಮಾತ್ರ ಮಾಸ್ಕ್ ಇದ್ದರೂ ಇಲ್ಲದಿದ್ದರೂ ನಡೆಯುತ್ತದೆ. ಅದರ ಶ್ರೇಯಸ್ಸನ್ನು ಡಬ್ಬಿಗೆ ಕೊಡಬೇಕಾಗಿಲ್ಲ.

ಹಾಗಾದರೆ ಆ ಡಬ್ಬಿಯಲ್ಲಿ ಇರುವುದೇನು? ಮೂರು ಬಗೆಯ ಪದಾರ್ಥಗಳು. ಗ್ಲಿಸರಿನ್, ಹೈಯಲುರಾನಿಕ್ ಆಮ್ಲ, ಯೂರಿಯಾ ಮೊದಲಾದವು ನೀರನ್ನು ಹಿಡಿದಿಟ್ಟುಕೊಳ್ಳುತ್ತವೆ. ಸ್ಕ್ವಾಲೇನ್, ಸೆರಮೈಡ್, ಸಸ್ಯಜನ್ಯ ಎಣ್ಣೆಗಳು ಗಾರೆಯ ಸಂದುಗಳಲ್ಲಿ ಕೂರುತ್ತವೆ. ಪೆಟ್ರೋಲಿಯಂ ಜೆಲ್ಲಿ, ಡೈಮೆಥಿಕೋನ್, ಮೇಣ, ಮತ್ತು ಒಣಗಿದಾಗ ತೆಳುವಾದ ಪೊರೆಯಾಗುವ ಪಾಲಿಮರ್‌ಗಳು ಮೇಲಿನಿಂದ ಮುಚ್ಚುತ್ತವೆ. ರಾತ್ರಿಯ ಕ್ರೀಮ್‌ಗೂ ರಾತ್ರಿಯ ಮಾಸ್ಕ್‌ಗೂ ಏನು ವ್ಯತ್ಯಾಸ ಎಂದು ವಿದ್ಯಾರ್ಥಿಗಳು ಕೇಳಿದಾಗ ನಾನು ಎರಡರ ಪದಾರ್ಥಗಳ ಪಟ್ಟಿಯನ್ನು ಹೆಸರು ಮುಚ್ಚಿ ಅವರ ಕೈಗೇ ಕೊಡುತ್ತೇನೆ. ಯಾವುದು ಯಾವುದು ಎಂದು ಗುರುತಿಸುವುದು ಅವರಿಗೆ ಸುಲಭವಾಗುವುದಿಲ್ಲ. ಪೊರೆ ಕಟ್ಟುವ ಪದಾರ್ಥ ತುಸು ಹೆಚ್ಚಿದ್ದು ದಿಂಬಿಗೆ ಕಡಿಮೆ ಅಂಟಿದರೆ ಅದು ಮಾಸ್ಕ್. ಕೆಲವೊಮ್ಮೆ ಅಷ್ಟೂ ಇರುವುದಿಲ್ಲ, ಡಬ್ಬಿಯ ಆಕಾರ ಮಾತ್ರ ಬೇರೆ.

ಹೊದಿಕೆಯ ಅಡಿಯಲ್ಲಿ ಎಂಟು ಗಂಟೆ ಕಳೆದಾಗ ಮೇಲ್ಪದರದ ಕೋಶಗಳು ನೀರು ಕುಡಿದು ಉಬ್ಬುತ್ತವೆ. ಉಬ್ಬಿದ ಮೇಲ್ಮೈ ನಯವಾಗಿರುತ್ತದೆ, ನಯವಾದ ಮೇಲ್ಮೈ ಬೆಳಕನ್ನು ಸಮವಾಗಿ ಹಿಂದಿರುಗಿಸುತ್ತದೆ, ಅದನ್ನೇ ನಾವು ಕಾಂತಿ ಎನ್ನುತ್ತೇವೆ. ಕಣ್ಣಿನ ಅಂಚಿನ, ತುಟಿಯ ಸುತ್ತಲಿನ ಅತಿ ಸಣ್ಣ ಗೆರೆಗಳಲ್ಲಿ ಎಷ್ಟೋ ಗೆರೆಗಳು ಬರೀ ಒಣಗಿದ್ದರಿಂದ ಮೂಡಿದವು. ಅವು ನಿಜವಾಗಿಯೂ ಮರೆಯಾಗುತ್ತವೆ. ಇದು ಮೋಸವೇನಲ್ಲ, ಕಣ್ಣಿಗೆ ಕಾಣುವ ಸುಧಾರಣೆ. ಎಷ್ಟು ಹೊತ್ತು ಉಳಿಯುತ್ತದೆ ಎಂಬುದಷ್ಟೇ ಪ್ರಶ್ನೆ. ಮಾಸ್ಕ್ ತೊಳೆದು ಹಗಲಿನ ಕ್ರೀಮ್ ಏನೂ ಹಚ್ಚದೆ ಮಧ್ಯಾಹ್ನ ಅದೇ ಬೆಳಕಿನಲ್ಲಿ ಕನ್ನಡಿ ನೋಡಿಕೊಳ್ಳಿ. ಆಗಲೂ ಮರೆಯಾಗಿಯೇ ಉಳಿದ ಗೆರೆ ಯಾವುದಾದರೂ ಇದ್ದರೆ ಹೊಗಳೋಣ. ಹಣೆಯ ಅಡ್ಡಗೆರೆ, ಮೂಗಿನಿಂದ ಬಾಯಿಯವರೆಗಿನ ಮಡಿಕೆ ಬೆಳಿಗ್ಗೆ ಹೇಗಿದ್ದವೋ ಮಧ್ಯಾಹ್ನವೂ ಹಾಗೆಯೇ ಇರುತ್ತವೆ, ಏಕೆಂದರೆ ಅವುಗಳ ಬೇರು ಕೆಳಗಿನ ಪದರದಲ್ಲಿದೆ.

ಆ ಕೆಳಗಿನ ಪದರದ ಬಗ್ಗೆ ಸ್ವಲ್ಪ ನಿಧಾನವಾಗಿ ಮಾತನಾಡಬೇಕು. ಅಲ್ಲಿ ಚರ್ಮಕ್ಕೆ ಬಿಗುವು ಕೊಡುವ ಕೊಲಾಜೆನ್ ಮತ್ತು ಎಳೆದು ಬಿಟ್ಟರೆ ಹಿಂದಿರುಗಿಸುವ ಇಲಾಸ್ಟಿನ್ ಎಳೆಗಳ ಹೆಣಿಗೆ ಇದೆ. ಯೌವನದಿಂದಲೇ ಕೊಲಾಜೆನ್ ವರ್ಷಕ್ಕೆ ಸುಮಾರು ಶೇಕಡಾ 1ರಂತೆ ಇಳಿಯುತ್ತಾ ಬರುತ್ತದೆ. ಹೆಂಗಸರಲ್ಲಿ ಮುಟ್ಟು ನಿಂತ ಮೊದಲ ಐದು ವರ್ಷಗಳಲ್ಲಿ ಸುಮಾರು ಶೇಕಡಾ 30ರಷ್ಟು ಕಡಿಮೆಯಾಗುತ್ತದೆ. ಇದು ವಯಸ್ಸಿನ ಪಾಲು. ಮುಖದ ವಿಷಯದಲ್ಲಿ ಇದಕ್ಕಿಂತ ದೊಡ್ಡ ಪಾಲು ಸೂರ್ಯನದು. ವೈದ್ಯಕೀಯ ಪತ್ರಿಕೆಯೊಂದರಲ್ಲಿ 2012ರಲ್ಲಿ ಅಮೆರಿಕದ 69 ವರ್ಷದ ಒಬ್ಬ ಲಾರಿ ಚಾಲಕರ ಚಿತ್ರ ಬಂತು; ನಿಮ್ಮಲ್ಲಿ ಅನೇಕರು ನೋಡಿರುತ್ತೀರಿ. ಅವರು 28 ವರ್ಷ ಲಾರಿ ಓಡಿಸಿದವರು. ಕಿಟಕಿಯ ಕಡೆಗಿದ್ದ ಎಡಗೆನ್ನೆ ಬಲಗೆನ್ನೆಗಿಂತ ಎಷ್ಟೋ ವರ್ಷ ಹಿರಿದಾಗಿ, ಜೋತು, ಸುಕ್ಕುಗಟ್ಟಿ ಕಾಣುತ್ತದೆ. ಒಬ್ಬನೇ ಮನುಷ್ಯ, ಒಂದೇ ವಂಶವಾಹಿ, ಒಂದೇ ಊಟ ಒಂದೇ ನಿದ್ದೆ. ಬೇರೆಯಾಗಿದ್ದುದು ಗಾಜನ್ನೂ ದಾಟಿ ಬರುವ ನೇರಳಾತೀತ ‘ಎ’ ಕಿರಣ ಮಾತ್ರ.

ಇದಕ್ಕೆ ಪೂರಕವಾದ ಒಂದು ಪ್ರಯೋಗವಿದೆ, ನನಗೆ ಬಹಳ ಇಷ್ಟವಾದದ್ದು. ಆಸ್ಟ್ರೇಲಿಯಾದ ನ್ಯಾಂಬೋರ್ ಎಂಬ ಊರಿನಲ್ಲಿ 55 ವರ್ಷದೊಳಗಿನ 903 ಜನರನ್ನು ಚೀಟಿ ಎತ್ತಿದಂತೆ ಗುಂಪುಗಳಾಗಿ ಮಾಡಿದರು. ಕೆಲವರು ದಿನವೂ ಸನ್‌ಸ್ಕ್ರೀನ್ ಹಚ್ಚಬೇಕು, ಉಳಿದವರು ತಮಗೆ ತೋಚಿದಾಗ. ನಾಲ್ಕೂವರೆ ವರ್ಷ ಕಳೆದ ಮೇಲೆ ಕೈಯ ಹಿಂಭಾಗದ ಚರ್ಮದ ಅಚ್ಚು ತೆಗೆದು ಹೋಲಿಸಿದರು. ದಿನವೂ ಹಚ್ಚಿದವರಲ್ಲಿ ಚರ್ಮದ ಮುಪ್ಪು ಶೇಕಡಾ 24ರಷ್ಟು ಕಡಿಮೆ. ಫಲಿತಾಂಶ 2013ರಲ್ಲಿ ಪ್ರಕಟವಾಯಿತು. ರಾತ್ರಿಯ ಮಾಸ್ಕ್‌ಗಳ ಮೇಲೆ ಇಷ್ಟು ಜನರನ್ನು ಇಟ್ಟುಕೊಂಡು, ಇಷ್ಟು ವರ್ಷ ನಡೆಸಿದ ಇಂಥ ಪ್ರಯೋಗವನ್ನು ನಾನು ಕಂಡಿಲ್ಲ. ಹಗಲಿನಲ್ಲಿ ಸನ್‌ಸ್ಕ್ರೀನ್ ಹಚ್ಚದೆ ರಾತ್ರಿ ದುಬಾರಿ ಲೇಪ ಬಳಿದುಕೊಳ್ಳುವವರನ್ನು ಕಂಡರೆ ನನಗೆ ಸ್ವಲ್ಪ ಕಸಿವಿಸಿಯಾಗುತ್ತದೆ, ಕ್ಷಮಿಸಿ.

‘ಹಾಗಾದರೆ ಕೊಲಾಜೆನ್ ಇರುವ ಮಾಸ್ಕ್ ಹಚ್ಚಿದರೆ ಆಯಿತಲ್ಲ’ ಎಂದು ಇಲ್ಲೇ ಒಬ್ಬರು ಎದ್ದು ನಿಂತು ಕೇಳಿದರು. ಒಳ್ಳೆಯ ಪ್ರಶ್ನೆ, ಏಕೆಂದರೆ ಮಾರುಕಟ್ಟೆ ನಿಂತಿರುವುದೇ ಆ ನಂಬಿಕೆಯ ಮೇಲೆ. ಅಣುಗಳ ತೂಕವನ್ನು ಡಾಲ್ಟನ್ ಎಂಬ ಮಾನದಲ್ಲಿ ಅಳೆಯುತ್ತೇವೆ. ಬಾಸ್ ಮತ್ತು ಮೈನಾರ್ಡಿ ಎಂಬ ಇಬ್ಬರು 2000ದಲ್ಲಿ ಒಂದು ಸರಳ ಸೂತ್ರ ಮುಂದಿಟ್ಟರು: ಚರ್ಮದ ಮೂಲಕ ಒಳಹೋಗಿ ಕೆಲಸ ಮಾಡುವ, ಅಲರ್ಜಿ ಉಂಟುಮಾಡುವ ವಸ್ತುಗಳೆಲ್ಲ ಹೆಚ್ಚುಕಡಿಮೆ 500 ಡಾಲ್ಟನ್‌ಗಿಂತ ಹಗುರ. ಕೊಲಾಜೆನ್ ಅಣುವಿನ ತೂಕ ಸುಮಾರು 3 ಲಕ್ಷ ಡಾಲ್ಟನ್. ಅದು ಮೇಲೆ ಕುಳಿತು ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ, ಬೆಳಿಗ್ಗೆ ಸಿಂಕಿಗೆ ಹೋಗುತ್ತದೆ. ಹೈಯಲುರಾನಿಕ್ ಆಮ್ಲದ್ದೂ ಇದೇ ಕಥೆ. ಅದರ ಗಾತ್ರ ಕೆಲವು ಸಾವಿರದಿಂದ ಹತ್ತು ಲಕ್ಷ ಡಾಲ್ಟನ್‌ಗಿಂತಲೂ ಹೆಚ್ಚಿನವರೆಗೆ ಬದಲಾಗುತ್ತದೆ. ಪ್ರೋಟೀನಿನ ತುಣುಕುಗಳಾದ ಪೆಪ್ಟೈಡ್‌ಗಳು ಚಿಕ್ಕವು, ಅವುಗಳಲ್ಲಿ ಕೆಲವಕ್ಕೆ ಸಣ್ಣ ಪ್ರಮಾಣದ ಪುರಾವೆಯಿದೆ, ಆದರೆ ಆ ಅಧ್ಯಯನಗಳಲ್ಲಿ ಎಷ್ಟೋ ಮಾರುವವರೇ ಮಾಡಿಸಿದವು. ನಾನು ಅವನ್ನು ಬೈಯುವುದಿಲ್ಲ, ಅವಕ್ಕಾಗಿ ಹೆಚ್ಚು ದುಡ್ಡನ್ನೂ ಕೊಡುವುದಿಲ್ಲ.

ಪುರಾವೆ ಗಟ್ಟಿಯಾಗಿರುವುದು ಎ ಜೀವಸತ್ವದ ಕುಟುಂಬಕ್ಕೆ. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಚರ್ಮವೈದ್ಯ ಆಲ್ಬರ್ಟ್ ಕ್ಲಿಗ್‌ಮನ್ ಆ ಕುಟುಂಬದ ಟ್ರೆಟಿನಾಯಿನ್ ಅನ್ನು, ಅಂದರೆ ರೆಟಿನಾಯಿಕ್ ಆಮ್ಲವನ್ನು, ಮೊಡವೆಗೆಂದು ಬಳಕೆಗೆ ತಂದವರು. ಅದು ಬಿಸಿಲಿನಿಂದ ಮುಪ್ಪಾದ ಚರ್ಮವನ್ನು ಸುಧಾರಿಸುತ್ತದೆ ಎಂದು ಅವರೂ ಸಹೋದ್ಯೋಗಿಗಳೂ 1986ರಲ್ಲಿ ಬರೆದರು. 1995ರಲ್ಲಿ ಅಮೆರಿಕದ ಔಷಧ ನಿಯಂತ್ರಕರು ಸಣ್ಣ ಸುಕ್ಕುಗಳಿಗೆಂದೇ ಒಂದು ಟ್ರೆಟಿನಾಯಿನ್ ಕ್ರೀಮ್‌ಗೆ ಒಪ್ಪಿಗೆ ಕೊಟ್ಟರು. ಕ್ಲಿಗ್‌ಮನ್ ಹೆಸರು ಹೇಳಿದ ಮೇಲೆ ಇನ್ನೊಂದನ್ನೂ ಹೇಳಬೇಕು. ಫಿಲಡೆಲ್ಫಿಯಾದ ಹೋಮ್ಸ್‌ಬರ್ಗ್ ಸೆರೆಮನೆಯ ಕೈದಿಗಳ ಮೇಲೆ ಅವರು ವರ್ಷಗಟ್ಟಲೆ ಪ್ರಯೋಗ ನಡೆಸಿದರು, ಆ ವಿಶ್ವವಿದ್ಯಾಲಯದ ವೈದ್ಯಕೀಯ ವಿಭಾಗ 2021ರಲ್ಲಿ ಅದಕ್ಕಾಗಿ ಕ್ಷಮೆ ಕೇಳಿತು. ನಯವಾದ ಕೆನ್ನೆಯ ಚರಿತ್ರೆ ಅಷ್ಟು ನಯವಾದದ್ದಲ್ಲ.

ಟ್ರೆಟಿನಾಯಿನ್ ಔಷಧ, ವೈದ್ಯರ ಚೀಟಿ ಬೇಕು. ಮಾಸ್ಕ್‌ಗಳಲ್ಲಿ ಇರುವುದು ಅದೇ ಕುಟುಂಬದ ರೆಟಿನಾಲ್. ಚರ್ಮದೊಳಗೆ ಅದು ಎರಡು ಹೆಜ್ಜೆಗಳಲ್ಲಿ ರೆಟಿನಾಯಿಕ್ ಆಮ್ಲವಾಗಿ ಬದಲಾಗಬೇಕು, ದಾರಿಯಲ್ಲಿ ಬಹಳಷ್ಟು ಸೋರಿಹೋಗುತ್ತದೆ, ಆದ್ದರಿಂದ ಅದು ಹಲವು ಪಟ್ಟು ದುರ್ಬಲ. ಆದರೂ ಕೆಲಸ ಮಾಡುತ್ತದೆ. 2007ರ ಒಂದು ಅಧ್ಯಯನದಲ್ಲಿ ಸರಾಸರಿ 87 ವರ್ಷದ ಹಿರಿಯರ ಒಂದು ತೋಳಿಗೆ ಶೇಕಡಾ 0.4ರ ರೆಟಿನಾಲ್ ಲೋಷನ್, ಇನ್ನೊಂದಕ್ಕೆ ಬರೀ ಲೋಷನ್ ಹಚ್ಚಿದರು. ರೆಟಿನಾಲ್ ಹಚ್ಚಿದ ತೋಳಿನ ಸಣ್ಣ ಸುಕ್ಕುಗಳು ಕಡಿಮೆಯಾದವು. ಎಷ್ಟು ಕಾಲಕ್ಕೆ? 24 ವಾರಗಳಿಗೆ. ಎಂಬತ್ತೇಳರ ಚರ್ಮವೂ ಸ್ಪಂದಿಸುತ್ತದೆ ಎನ್ನುವುದು ಸಂತೋಷದ ಸುದ್ದಿ, ಅರ್ಧ ವರ್ಷ ಬೇಕು ಎನ್ನುವುದು ಜಾಹೀರಾತಿಗೆ ಸರಿಹೊಂದದ ಸುದ್ದಿ. ಇದನ್ನು ರಾತ್ರಿಯೇ ಹಚ್ಚುವುದಕ್ಕೂ ಕಾರಣವಿದೆ: ರೆಟಿನಾಲ್ ಬೆಳಕಿಗೂ ಗಾಳಿಗೂ ಕೆಡುತ್ತದೆ. ಅಗಲ ಬಾಯಿಯ ಪಾರದರ್ಶಕ ಗಾಜಿನ ಡಬ್ಬಿಯಲ್ಲಿ ರೆಟಿನಾಲ್ ಮಾರುವವರಿಗೆ ಅದರ ಬಗ್ಗೆ ಕಾಳಜಿಯಿಲ್ಲ ಎಂದು ನಾನು ತೀರ್ಮಾನಿಸುತ್ತೇನೆ.

ಈಗ ಅಪಾಯ ಎಲ್ಲಿದೆ ನೋಡಿ. ಮುಚ್ಚಿದ ಚರ್ಮದೊಳಗೆ ವಸ್ತುಗಳು ಹೆಚ್ಚು ಇಳಿಯುತ್ತವೆ. ಹೈಡ್ರೊಕಾರ್ಟಿಸೋನ್ ಎಂಬ ಸ್ಟೀರಾಯ್ಡ್ ಔಷಧ ಹಚ್ಚಿ ಪ್ಲಾಸ್ಟಿಕ್ ಹಾಳೆಯಿಂದ ಮುಚ್ಚಿದಾಗ ಹೀರಿಕೆ ಸುಮಾರು ಹತ್ತು ಪಟ್ಟು ಏರುತ್ತದೆ ಎಂಬುದು 1960ರ ದಶಕದಲ್ಲೇ ಗೊತ್ತಾಗಿತ್ತು. ಕ್ರೀಮಿನ ಪೊರೆ ಪ್ಲಾಸ್ಟಿಕ್ಕಿನಷ್ಟು ಬಿಗಿಯಲ್ಲ, ದಿಕ್ಕು ಮಾತ್ರ ಅದೇ. ಮೊದಲು ಗ್ಲೈಕಾಲಿಕ್ ಆಮ್ಲದ ಸೀರಮ್, ಅದರ ಮೇಲೆ ರೆಟಿನಾಲ್, ಅದರ ಮೇಲೆ ದಪ್ಪ ಮಾಸ್ಕ್ ಎಂದು ಪದರ ಪದರವಾಗಿ ಕಟ್ಟಿಕೊಂಡು ಮಲಗಿದರೆ ಬೆಳಿಗ್ಗೆ ಕೆಂಪು ಮುಖ, ಉರಿ, ಮೂರನೆಯ ದಿನಕ್ಕೆ ಸಿಪ್ಪೆ. ಗ್ಲೈಕಾಲಿಕ್‌ನಂಥ ಹಣ್ಣಿನ ಆಮ್ಲಗಳು ಬಿಸಿಲಿಗೆ ಚರ್ಮವನ್ನು ಇನ್ನಷ್ಟು ಸೂಕ್ಷ್ಮವಾಗಿಸುತ್ತವೆ. ಅಂಥವನ್ನು ಬಳಸಿದರೆ ಸನ್‌ಸ್ಕ್ರೀನ್ ಹಚ್ಚಿ ಎಂಬ ಎಚ್ಚರಿಕೆಯನ್ನು ಲೇಬಲ್ ಮೇಲೆ ಹಾಕಬೇಕೆಂದು ಅಮೆರಿಕದ ನಿಯಂತ್ರಕರು 2005ರಲ್ಲೇ ಸಲಹೆ ಕೊಟ್ಟರು. ಯುರೋಪಿನ ಒಕ್ಕೂಟ 2024ರ ನಿಯಮದಲ್ಲಿ ಮುಖದ ಪ್ರಸಾಧನಗಳಲ್ಲಿ ರೆಟಿನಾಲ್ ಶೇಕಡಾ 0.3 ದಾಟಬಾರದು ಎಂದು ಗೆರೆ ಎಳೆಯಿತು. ಬಸಿರಿನಲ್ಲಿ, ಬಸಿರಾಗಬೇಕೆಂದು ಯೋಚಿಸುತ್ತಿರುವಾಗ ರೆಟಿನಾಲ್ ಕುಟುಂಬದ ಯಾವುದೂ ಬೇಡ.

ಸುಗಂಧ ಮತ್ತು ಸಂರಕ್ಷಕಗಳ ಬಗ್ಗೆ ಎರಡೇ ಮಾತು. ತೊಳೆದುಹೋಗುವ ಶಾಂಪೂವಿನಲ್ಲಿ ಸಹಿಸಬಹುದಾದ ವಸ್ತು ರಾತ್ರಿಯಿಡೀ ಮುಖದ ಮೇಲೆ ಉಳಿದಾಗ ಅಲರ್ಜಿ ಹುಟ್ಟಿಸಬಹುದು. ಮಿಥೈಲ್‌ಐಸೋಥಯಾಜೊಲಿನೋನ್ ಎಂಬ ಸಂರಕ್ಷಕವನ್ನು ಇದೇ ಕಾರಣಕ್ಕೆ ಯುರೋಪಿನಲ್ಲಿ ತೊಳೆಯದೆ ಬಿಡುವ ಪ್ರಸಾಧನಗಳಿಂದ 2017ರಲ್ಲಿ ಹೊರಹಾಕಿದರು. ಸುವಾಸನೆ ಗಾಢವಾದ ಮಾಸ್ಕ್ ಮನಸ್ಸಿಗೆ ಹಿತ, ಚರ್ಮಕ್ಕೆ ಅದರಿಂದ ಆಗಬೇಕಾದ್ದು ಏನೂ ಇಲ್ಲ.

ಇನ್ನು ಬಳಸುವ ಕ್ರಮ. ಮೊದಲು ಪರೀಕ್ಷೆ: ಮೊಣಕೈಯ ಒಳಮಗ್ಗುಲಿನಲ್ಲಿ ಒಂದು ನಾಣ್ಯದಷ್ಟು ಜಾಗಕ್ಕೆ ದಿನಕ್ಕೆರಡು ಬಾರಿ, ವಾರದಿಂದ ಹತ್ತು ದಿನ ಹಚ್ಚಿ ನೋಡಿ. ಒಂದೇ ರಾತ್ರಿಯ ಪರೀಕ್ಷೆ ಸಾಲದು, ಅಲರ್ಜಿ ತಡವಾಗಿ ತಲೆಯೆತ್ತುತ್ತದೆ. ಮುಖವನ್ನು ಸೌಮ್ಯವಾದ ಕ್ಲೆನ್ಸರ್‌ನಿಂದ ತೊಳೆದು, ಉಜ್ಜದೆ ಒತ್ತಿ ಒರೆಸಿ, ಇನ್ನೂ ತೇವವಿರುವಾಗಲೇ ಹಚ್ಚಿ. ಹಿಡಿದಿಡಲು ನೀರು ಇರಬೇಕಲ್ಲ. ಪ್ರಮಾಣಕ್ಕೆ ವೈದ್ಯರು ಬಳಸುವ ಒಂದು ಅಳತೆ ಇದೆ: ಟ್ಯೂಬಿನಿಂದ ತೋರುಬೆರಳಿನ ಕೊನೆಯ ಗೆಣ್ಣಿನಷ್ಟು ಉದ್ದ ಹಿಂಡಿದರೆ ಸುಮಾರು ಅರ್ಧ ಗ್ರಾಂ. ಮುಖ ಮತ್ತು ಕತ್ತಿಗೆ ಅಂಥ ಎರಡೂವರೆ ಸಾಕು. ಕೇಕಿಗೆ ಕ್ರೀಮ್ ಬಳಿದಂತೆ ಬಳಿದರೆ ಹೆಚ್ಚುವರಿ ಭಾಗವೆಲ್ಲ ದಿಂಬಿನ ಪಾಲು. ದಿಂಬಿಗೆ ತಲೆಯಿಡುವ ಇಪ್ಪತ್ತು ಮೂವತ್ತು ನಿಮಿಷ ಮೊದಲೇ ಹಚ್ಚಿದರೆ ಪೊರೆ ಕಟ್ಟಿಕೊಳ್ಳುತ್ತದೆ. ರೆಪ್ಪೆಯ ಅಂಚಿಗೆ ತೀರಾ ಹತ್ತಿರ ಬೇಡ, ನಿದ್ದೆಯಲ್ಲಿ ಅದು ಜರುಗಿ ಕಣ್ಣಿಗೆ ಇಳಿಯುತ್ತದೆ.

ದಿನವೂ ಬೇಕೇ? ಒಣ ಚರ್ಮದವರು, ಐವತ್ತು ದಾಟಿದವರು ಬರೀ ತೇವ ಹಿಡಿಯುವ ಮಾಸ್ಕ್ ಅನ್ನು ಬೇಕಾದರೆ ದಿನವೂ ಹಚ್ಚಬಹುದು. ಉಳಿದವರಿಗೆ ವಾರಕ್ಕೆ ಎರಡು ಮೂರು ರಾತ್ರಿ ಧಾರಾಳ. ಜಿಡ್ಡು ಚರ್ಮ, ಮೊಡವೆ ಇರುವವರು ದಪ್ಪ ಮೇಣದ ಮಾಸ್ಕ್‌ನಿಂದ ದೂರವಿರುವುದು ಒಳ್ಳೆಯದು. ಹಣೆಯ ಮೇಲೆ ಒಂದೇ ಗಾತ್ರದ, ತುರಿಸುವ ಸಣ್ಣ ಗುಳ್ಳೆಗಳು ಎದ್ದರೆ ಅದು ಮೊಡವೆಯೇ ಆಗಿರಬೇಕೆಂದಿಲ್ಲ. ಚರ್ಮದ ಮೇಲೆ ಸಹಜವಾಗಿ ಬದುಕುವ ಮಲಸೇಜಿಯಾ ಎಂಬ ಶಿಲೀಂಧ್ರ ಕೊಬ್ಬಿನ ಊಟ ಸಿಕ್ಕಿ ಹೆಚ್ಚಿರಬಹುದು. ಬಾಯಿಯ ಸುತ್ತ ಕೆಂಪು ಗುಳ್ಳೆಗಳು ಬಂದರೆ ಮಾಸ್ಕ್ ನಿಲ್ಲಿಸಿ ಚರ್ಮವೈದ್ಯರನ್ನು ಕಾಣಿ. ಹೊಸ ಮಾಸ್ಕ್ ತಂದು ಅದನ್ನು ಸರಿಪಡಿಸಲು ಹೋಗುವವರೇ ಜಾಸ್ತಿ, ಅಲ್ಲೇ ತೊಡಕು ಬೆಳೆಯುವುದು.

ಹಾಳೆಯ ಮಾಸ್ಕ್ ಅಂಟಿಸಿಕೊಂಡು ಮಲಗಬೇಡಿ. ಅದು ಹದಿನೈದಿಪ್ಪತ್ತು ನಿಮಿಷಕ್ಕೆಂದು ರೂಪಿಸಿದ್ದು. ಮಣ್ಣಿನ ಮಾಸ್ಕ್ ಜಿಡ್ಡು ಹೀರಲು ಇರುವುದು, ರಾತ್ರಿಯಿಡೀ ಬಿಟ್ಟರೆ ಗಾರೆಯನ್ನೇ ಹೀರುತ್ತದೆ.

ಲೇಬಲ್ ಓದುವ ಒಂದು ಗುಟ್ಟು ಹೇಳಿಕೊಡುತ್ತೇನೆ. ಪದಾರ್ಥಗಳನ್ನು ಪ್ರಮಾಣದ ಇಳಿಕೆಯ ಕ್ರಮದಲ್ಲಿ ಬರೆಯುತ್ತಾರೆ, ಆದರೆ ಶೇಕಡಾ 1ಕ್ಕಿಂತ ಕಡಿಮೆ ಇರುವವನ್ನು ಹೇಗೆ ಬೇಕಾದರೂ ಜೋಡಿಸಬಹುದು. ಫಿನಾಕ್ಸಿಎಥನಾಲ್ ಎಂಬ ಸಂರಕ್ಷಕಕ್ಕೆ ಯುರೋಪಿನ ಮಿತಿ ಶೇಕಡಾ 1. ಆ ನಿಯಮಕ್ಕೆ ಹೊಂದಿಕೊಂಡ ಡಬ್ಬಿಯಲ್ಲಿ ಆ ಹೆಸರಿನ ನಂತರ ಬರುವುದೆಲ್ಲ ಶೇಕಡಾ 1 ದಾಟಿರುವುದಿಲ್ಲ. ಡಬ್ಬಿಯ ಮುಂಭಾಗದಲ್ಲಿ ದೊಡ್ಡ ಚಿತ್ರ ಹಾಕಿಸಿಕೊಂಡ ಅಪರೂಪದ ಹೂವಿನ ಸಾರ ಅಲ್ಲಿ ತಲೆತಗ್ಗಿಸಿ ನಿಂತಿರುತ್ತದೆ. ರೆಟಿನಾಲ್ ಮಾತ್ರ ಇದಕ್ಕೆ ಅಪವಾದ, ಅದು ಅಷ್ಟು ಕಡಿಮೆಯಲ್ಲೂ ಕೆಲಸ ಮಾಡುತ್ತದೆ.

ಮಾತಿನ ಜಾಣ್ಮೆಯನ್ನೂ ಗಮನಿಸಿ. ಸುಕ್ಕು ಹೋಗುತ್ತದೆ ಎಂದು ಬರೆಯುವುದಿಲ್ಲ, ಸುಕ್ಕು ಕಡಿಮೆಯಾದಂತೆ ಕಾಣುತ್ತದೆ ಎಂದು ಬರೆಯುತ್ತಾರೆ. ದೇಹದ ರಚನೆಯನ್ನು ಬದಲಿಸುತ್ತೇನೆ ಎಂದರೆ ಅದು ಔಷಧವಾಗಿಬಿಡುತ್ತದೆ, ಔಷಧವಾದರೆ ಪುರಾವೆ ಒದಗಿಸಬೇಕಾಗುತ್ತದೆ. ಗೆರೆ ದಾಟಿದವರೂ ಇದ್ದಾರೆ. ಏಳೇ ದಿನಗಳಲ್ಲಿ ಎಳೆಯ ಚರ್ಮ, ಜೀನ್‌ಗಳಿಗೇ ಚೈತನ್ಯ ಎಂದು ಹೇಳಿಕೊಂಡಿದ್ದ ಲೋರಿಯಾಲ್‌ನ ಅಮೆರಿಕ ಶಾಖೆ 2014ರಲ್ಲಿ ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ ಜೊತೆ ರಾಜಿ ಮಾಡಿಕೊಂಡು, ಪುರಾವೆಯಿಲ್ಲದೆ ಅಂಥ ಮಾತು ಆಡುವುದಿಲ್ಲ ಎಂದು ಒಪ್ಪಬೇಕಾಯಿತು. ಇದು ದೊಡ್ಡ ಕಂಪನಿಗಳ ಅತಿಮಾತು, ಆರೋಗ್ಯಕ್ಕೆ ಕುತ್ತಲ್ಲ. ಕುತ್ತು ಇರುವುದು ತಯಾರಕರ ಹೆಸರು, ಪದಾರ್ಥಗಳ ಪಟ್ಟಿ ಎರಡೂ ಇಲ್ಲದ ಡಬ್ಬಿಗಳಲ್ಲಿ. ರಾತ್ರಿ ಹಚ್ಚಿ ಬೆಳಿಗ್ಗೆ ಬೆಳ್ಳಗಾಗುವ, ಎಳೆಯದಾಗುವ ಕ್ರೀಮ್‌ಗಳಲ್ಲಿ ಪಾದರಸ ಸಿಕ್ಕಿದ ಪ್ರಕರಣಗಳು ಹಲವು ದೇಶಗಳಲ್ಲಿ ದಾಖಲಾಗಿವೆ. 2013ರ ಮಿನಮಾಟ ಒಪ್ಪಂದ ಪ್ರಸಾಧನಗಳಲ್ಲಿನ ಪಾದರಸಕ್ಕೆ ಕಡಿವಾಣ ಹಾಕಿದ್ದು ಸುಮ್ಮನೆ ಅಲ್ಲ. ಅದು ಮೂತ್ರಪಿಂಡಕ್ಕೂ ನರಗಳಿಗೂ ವಿಷ. ಪಟ್ಟಿಯಲ್ಲಿ ಮರ್ಕ್ಯುರಿ, ಮರ್ಕ್ಯುರಸ್ ಕ್ಲೋರೈಡ್, ಕ್ಯಾಲೊಮೆಲ್ ಎಂಬ ಹೆಸರು ಕಂಡರೆ ಮುಚ್ಚಳ ಹಾಕಿ ದೂರವಿಡಿ. ಪಟ್ಟಿಯೇ ಇಲ್ಲದಿದ್ದರೂ ಅಷ್ಟೇ. ಅಸಾಧ್ಯ ವೇಗದಲ್ಲಿ ಫಲ ಕೊಡುವ ಲೇಪದಲ್ಲಿ ಬಲವಾದ ಸ್ಟೀರಾಯ್ಡ್ ಇರುವ ಸಾಧ್ಯತೆಯೂ ಇದೆ, ಬಿಟ್ಟ ವಾರಕ್ಕೆ ಮುಖ ಕೆಂಡವಾಗುತ್ತದೆ.

ಪ್ರಶ್ನೆಗಳ ಸಮಯದಲ್ಲಿ ಮೊದಲು ಕೈಯೆತ್ತಿದ್ದು ಒಬ್ಬ ಹುಡುಗಿ. ಎಷ್ಟನೆಯ ವಯಸ್ಸಿಗೆ ಶುರು ಮಾಡಬೇಕು? ಅವಳಿಗೆ ಹದಿಮೂರೋ ಹದಿನಾಲ್ಕೋ ಇರಬೇಕು. ನಿನಗೆ ಬೇಕಾದದ್ದು ಸನ್‌ಸ್ಕ್ರೀನ್ ಮತ್ತು ನಿದ್ದೆ, ರೆಟಿನಾಲೂ ಆಮ್ಲಗಳೂ ನಿನ್ನ ಚರ್ಮಕ್ಕೆ ಉರಿಯನ್ನಷ್ಟೇ ಕೊಡುತ್ತವೆ ಎಂದೆ. ಅವಳ ಮುಖ ಸಣ್ಣದಾಯಿತು.

ನಿದ್ದೆಗೆಡುವುದರಿಂದ ಮುಖ ಕಳೆಗುಂದುತ್ತದೆ ಎನ್ನುವುದು ನಿಜವೇ ಎಂದು ಇನ್ನೊಬ್ಬರು ಕೇಳಿದರು. ಸ್ವೀಡನ್ನಿನಲ್ಲಿ 2010ರಲ್ಲಿ ಇದನ್ನು ಪರೀಕ್ಷಿಸಿದ್ದಾರೆ. 23 ಜನರ ಛಾಯಾಚಿತ್ರಗಳನ್ನು ಚೆನ್ನಾಗಿ ನಿದ್ದೆ ಮಾಡಿದ ಮೇಲೊಮ್ಮೆ, ನಿದ್ದೆಗೆಟ್ಟ ಮೇಲೊಮ್ಮೆ ತೆಗೆದು ಅಪರಿಚಿತರಿಗೆ ತೋರಿಸಿದರು. ನಿದ್ದೆಗೆಟ್ಟ ಮುಖಗಳಿಗೆ ಆರೋಗ್ಯದಲ್ಲೂ ಆಕರ್ಷಣೆಯಲ್ಲೂ ಕಡಿಮೆ ಅಂಕ ಬಂತು. ರಾತ್ರಿಯ ಮಾಸ್ಕ್‌ನಲ್ಲಿ ಹೆಚ್ಚು ಪುರಾವೆಯಿರುವ ಭಾಗ ರಾತ್ರಿಯೇ ಎಂದು ಹಿಂದಿನ ಸಾಲಿನಿಂದ ಯಾರೋ ಕೂಗಿದರು. ಸಭೆ ನಕ್ಕಿತು, ನಾನೂ. ಅದಕ್ಕೆ ಸೇರಿಸುವುದಾದರೆ, ಮಗ್ಗುಲಾಗಿ ಮಲಗಿ ಕೆನ್ನೆಯನ್ನು ದಿಂಬಿಗೆ ಒತ್ತುವುದರಿಂದಲೂ ವರ್ಷಾನುಗಟ್ಟಲೆಯಲ್ಲಿ ಗೆರೆ ಮೂಡುತ್ತದೆ. ಅದು ನಗುವಿನ ಗೆರೆಯ ಜಾಡಿನಲ್ಲಿ ಇರುವುದಿಲ್ಲ, ಯಾವ ಲೇಪವೂ ಅದನ್ನು ತಡೆಯುವುದಿಲ್ಲ. ಅಂಗಾತ ಮಲಗಿದರೆ ಆ ಒತ್ತಡ ಇರುವುದಿಲ್ಲ. ಅಂಗಾತ ಮಲಗಿದರೆ ನಿದ್ದೆಯೇ ಬಾರದವರು ಗೆರೆಯ ಚಿಂತೆ ಬಿಟ್ಟು ಮಗ್ಗುಲಾಗಿಯೇ ಮಲಗಿ.

ಬರೀ ಪೆಟ್ರೋಲಿಯಂ ಜೆಲ್ಲಿ ಸಾಲದೇ ಎಂಬುದು ಒಬ್ಬ ಹಿರಿಯರ ಪ್ರಶ್ನೆ. ತೇವ ತಡೆಯುವುದಷ್ಟೇ ಉದ್ದೇಶವಾದರೆ ಸಾಕು. ರಾಬರ್ಟ್ ಚೀಸ್‌ಬ್ರೊ ಅದಕ್ಕೆ ಪೇಟೆಂಟ್ ಪಡೆದದ್ದು 1872ರಲ್ಲಿ; ಆವಿಯನ್ನು ತಡೆಯುವುದರಲ್ಲಿ ಅದನ್ನು ಮೀರಿಸಿದ ಪದಾರ್ಥ ಇನ್ನೂ ಬಂದಿಲ್ಲ ಎನ್ನಬಹುದು. ತೇವದ ಮುಖಕ್ಕೆ ಸಾಮಾನ್ಯ ಕ್ರೀಮ್, ಅದರ ಮೇಲೆ ಬಟಾಣಿಯಷ್ಟು ಜೆಲ್ಲಿಯನ್ನು ಅಂಗೈಯಲ್ಲಿ ಸವರಿ ಒತ್ತಿಕೊಳ್ಳಿ. ಅಂಟು ಅಂಟಾಗಿರುತ್ತದೆ, ವಾಸನೆ ಇರುವುದಿಲ್ಲ, ಡಬ್ಬಿ ಚೆಂದವಾಗಿರುವುದಿಲ್ಲ. ನನಗೆ ಕೇಳಿದರೆ ನಾನು ಹಚ್ಚುವುದು ಅದನ್ನೇ, ಅದೂ ಚರ್ಮ ಬಿರಿಯುವ ದಿನಗಳಲ್ಲಿ.

ಕೊನೆಯ ಪ್ರಶ್ನೆ ಕೇಳಿದವರು ಕೈಚೀಲದಿಂದ ಹೊಸ ಮಾಸ್ಕ್ ಒಂದನ್ನು ತೆಗೆದು ಮೇಜಿನ ಮೇಲಿಟ್ಟರು. ಇದನ್ನು ಈಗಾಗಲೇ ಕೊಂಡಿದ್ದೇನೆ, ಏನು ಮಾಡಲಿ? ಹಿಂಭಾಗ ಓದಿದೆ. ಗ್ಲಿಸರಿನ್, ಡೈಮೆಥಿಕೋನ್, ಸ್ಕ್ವಾಲೇನ್, ಕೊನೆಯಲ್ಲಿ ಸ್ವಲ್ಪ ರೆಟಿನಾಲ್. ಕೆಟ್ಟದ್ದೇನಲ್ಲ. ಮೊದಲ ತಿಂಗಳು ವಾರಕ್ಕೆ ಎರಡೇ ರಾತ್ರಿ ಹಚ್ಚಿ, ಆ ರಾತ್ರಿಗಳಲ್ಲಿ ಬೇರೆ ಆಮ್ಲ, ಸ್ಕ್ರಬ್ ಯಾವುದೂ ಬೇಡ, ಬೆಳಿಗ್ಗೆ ತೊಳೆದು ಸನ್‌ಸ್ಕ್ರೀನ್ ಹಚ್ಚಿ ಎಂದೆ. ತೆರೆದ ಡಬ್ಬಿಯ ಚಿತ್ರದೊಳಗೆ ‘6ಎಂ’ ಎಂದಿತ್ತು, ತೆರೆದ ಮೇಲೆ ಆರು ತಿಂಗಳು ಎಂದರ್ಥ. ಹೊರಡುವ ಮೊದಲು ಅವರು ನನ್ನ ಪೆನ್ನು ಕೇಳಿ ಪಡೆದು ಮುಚ್ಚಳದ ಮೇಲೆ ಅಂದಿನ ತಾರೀಖು ಬರೆದುಕೊಂಡರು.